ಎಂಟುನೂರು ಅಂತ ಬರೆದಿದ್ದ ಚೀಟಿ

ಗೌರಿಬಿದನೂರಿನಲ್ಲಿ ಬಸ್ ಸ್ಟ್ಯಾಂಡ್ ಹಿಂದುಗಡೆ, ಗೊಬ್ಬರದಂಗಡಿಯ ಮೇಲೆ ಶೀಟ್ ಹೊದಿಸಿದ ಒಂದು ಕೋಣೆಯಲ್ಲಿ ನಮ್ಮ ಸ್ಟುಡಿಯೋ ಇತ್ತು. ಅಣ್ಣ ಮದುವೆ, ನಾಮಕರಣ, ಗೃಹಪ್ರವೇಶಗಳಿಗೆ ಹೋಗಿ ವಿಡಿಯೋ, ಫೋಟೋ ತೆಗೆದುಕೊಂಡು ಬರುತ್ತಿದ್ದ. ನಾನು ಆ ಕ್ಯಾಸೆಟ್ಟುಗಳನ್ನು ಕಂಪ್ಯೂಟರಿಗೆ ಇಳಿಸಿ ಮಿಕ್ಸಿಂಗ್ ಮಾಡುತ್ತಿದ್ದೆ. ಚಿಂತಾಮಣಿಯಲ್ಲಿ ಬಿ.ಎಸ್ಸಿ. ಮುಗಿಸಿದ ವರ್ಷದಿಂದ ನನ್ನ ಹಗಲೆಲ್ಲ ಆ ಕೋಣೆಯಲ್ಲೇ ಕಳೆಯುತ್ತಿತ್ತು. ವಧೂವರರ ಮುಖ ತಾವರೆಯೊಳಗಿಂದ ಎದ್ದು ಬರಬೇಕು, ಮೇಲಿಂದ ಗುಲಾಬಿ ಸುರಿಯಬೇಕು. ಇಲ್ಲದಿದ್ದರೆ ನಮ್ಮ ಕಡೆಯವರು ಅದನ್ನು ಮದುವೆ ವಿಡಿಯೋ ಅಂತಲೇ ಒಪ್ಪುತ್ತಿರಲಿಲ್ಲ. ಇದನ್ನೆಲ್ಲ ಹಾಕಿ ಮೂರು ಗಂಟೆಯ ಮದುವೆಯನ್ನು ಡಿವಿಡಿಗೆ ತಯಾರು ಮಾಡಲು ಕೊಟ್ಟರೆ ಕಂಪ್ಯೂಟರಿಗೆ ಒಂದು ದಿನ ಸಾಲುತ್ತಿರಲಿಲ್ಲ. ನಡುವೆ ಕರೆಂಟ್ ಹೋದರೆ ಮತ್ತೆ ಮೊದಲಿಂದ ಶುರು. ಕೆಳಗೆ ಗಂಡಿನ ಕಡೆಯವರು ಬಂದು ನಿಂತು, "ಇನ್ನೂ ಆಗಿಲ್ವೇನಮ್ಮ, ಮಗುನೇ ಹುಟ್ಟತ್ತೆ ಅಷ್ಟರಲ್ಲಿ" ಅನ್ನುತ್ತಿದ್ದರು.

ಆ ಕಂಪ್ಯೂಟರ್ ಜೋಡಿಸಿ ಕೊಟ್ಟವರು ನಮ್ಮ ಭಾವ, ಅಕ್ಕನ ಗಂಡ. ಚಿಕ್ಕಬಳ್ಳಾಪುರದಲ್ಲಿ ಅವರದು ಕಂಪ್ಯೂಟರ್ ಅಂಗಡಿ. ನನಗೂ ಅವರಿಗೂ ಆಗಿಬರುತ್ತಿರಲಿಲ್ಲ. ನಾನು ಬರೆಯುವುದರಲ್ಲಿ ಆ ಸಿಟ್ಟು ಸೇರಿಕೊಂಡೇ ಇರುತ್ತದೆ, ಓದುವವರು ಅದನ್ನು ಕಳೆದು ಓದಿಕೊಳ್ಳಲಿ. ಅವರು ನನ್ನನ್ನು ಹೆಸರು ಹಿಡಿದು ಕರೆದವರಲ್ಲ. 'ಮೇಡಮ್ಮು' ಅನ್ನುತ್ತಿದ್ದರು. ಮಂಚೇನಹಳ್ಳಿ ಪಕ್ಕದ ನಮ್ಮೂರಿಗೆ ಹಬ್ಬಕ್ಕೆ ಬಂದಾಗ ನಾನು ಕಂಪ್ಯೂಟರಿನ ವಿಷಯ ಒಂದು ಮಾತು ಎತ್ತಿದರೆ ಸಾಕು, ಅಪ್ಪನ ಕಡೆ ತಿರುಗಿ, "ಮಾವ, ಚಿಕ್ಕವಳಿಗೂ ಒಂದು ಗಂಡು ನೋಡಿಬಿಡಿ" ಎಂದು ನಗುತ್ತಿದ್ದರು. ಅಪ್ಪನೂ ನಗುತ್ತಿದ್ದ. ಕಂಪ್ಯೂಟರ್ ತಂದಿಟ್ಟ ದಿನ ಕ್ಯಾಬಿನೆಟ್ಟಿನ ಸ್ಕ್ರೂ ಮೇಲೆ ಕೆಂಪು ಸೀಲ್ ಅಂಟಿಸಿ, ಅಣ್ಣನಿಗೆ ಹೇಳಿದರು: "ಇದನ್ನ ಯಾರಾದ್ರೂ ಬಿಚ್ಚಿದ್ರೆ ನಾನು ಜವಾಬ್ದಾರನಲ್ಲ." ಯಾರಾದರೂ ಅಂದರೆ ನಾನು. ಆ ಕೋಣೆಯಲ್ಲಿ ಇನ್ಯಾರಿದ್ದರು?

ಓವರ್‌ಕ್ಲಾಕಿಂಗ್ ವಿಷಯ ನನಗೆ ಗೊತ್ತಾಗಿದ್ದು ಬ್ರೌಸಿಂಗ್ ಸೆಂಟರಿನಲ್ಲಿ. ಮಿಕ್ಸಿಂಗ್ ಬೇಗ ಆಗುವುದು ಹೇಗೆ ಎಂದು ಹುಡುಕುತ್ತಾ ಹೋದವಳಿಗೆ, ನಮ್ಮದೇ ಪ್ರೊಸೆಸರನ್ನು ಯಾರ್ಯಾರೋ ಅದರ ಮೇಲೆ ಬರೆದ ವೇಗಕ್ಕಿಂತ ಎಷ್ಟೋ ಹೆಚ್ಚಿಗೆ ಓಡಿಸುತ್ತಿರುವುದು ಕಾಣಿಸಿತು. ಲೆಕ್ಕ ಕಷ್ಟದ್ದಲ್ಲ. ಬೋರ್ಡಿಗೆ ಒಂದು ಮೂಲ ವೇಗ ಇರುತ್ತದೆ, ನಮ್ಮದು ಇನ್ನೂರು. ಪ್ರೊಸೆಸರ್ ಅದರ ಒಂಬತ್ತರಷ್ಟು ವೇಗದಲ್ಲಿ ಓಡುತ್ತದೆ. ಒಂಬತ್ತನ್ನು ಬದಲಾಯಿಸಲು ಬರುವುದಿಲ್ಲ, ಇನ್ನೂರನ್ನು ಏರಿಸಬಹುದು. ಮುನ್ನೂರ ಮೂವತ್ಮೂರಕ್ಕೆ ಏರಿಸಿದರೆ ಒಂದು ಪಾಯಿಂಟ್ ಎಂಟು ಗಿಗಾಹರ್ಟ್ಸಿನ ಪ್ರೊಸೆಸರ್ ಮೂರರಲ್ಲಿ ಓಡುತ್ತದೆ. ಆದರೆ ರ್ಯಾಮ್ ಕೂಡ ಅದೇ ಮೂಲ ವೇಗಕ್ಕೆ ಕಟ್ಟಿಕೊಂಡಿರುತ್ತದೆ. ಇದನ್ನು ಏರಿಸಿದಾಗ ಅದೂ ಏರುತ್ತದೆ, ಮೂಲದ ಎರಡರಷ್ಟು. ಅಂದರೆ ಆರುನೂರ ಅರವತ್ತೇಳು ತಡೆಯುವ ರ್ಯಾಮ್ ಬೇಕು. ಎಂಟುನೂರರದ್ದಾದರೆ ಇನ್ನೂ ನಿಶ್ಚಿಂತೆ. ನಮ್ಮ ಕಂಪ್ಯೂಟರಿನಲ್ಲಿದ್ದದ್ದು ಐನೂರ ಮೂವತ್ಮೂರರ ಒಂದೇ ಒಂದು ಸಣ್ಣ ಪಟ್ಟಿ. ಎರಡು ಪಟ್ಟಿ ಹಾಕುವುದಾದರೆ ಎರಡೂ ಒಂದೇ ಜಾತಿಯವಾಗಿರಬೇಕು, ಹೆಚ್ಚು ವೋಲ್ಟೇಜ್ ಕೇಳಬಾರದು ಅಂತಲೂ ಓದಿದೆ. ನೋಟ್ ಬುಕ್ಕಿನಲ್ಲಿ ಬರೆದುಕೊಂಡು ಚಿಕ್ಕಬಳ್ಳಾಪುರಕ್ಕೆ ಹೋದೆ.

ಭಾವ ಯಾರೋ ಮೇಷ್ಟ್ರಿಗೆ ಪ್ರಿಂಟರ್ ತೋರಿಸುತ್ತಿದ್ದರು. ಹಿಂದಿನ ಸಣ್ಣ ರೂಮಿನಲ್ಲಿ ಅಕ್ಕ ಇದ್ದಳು. ದಿನಾ ಮಧ್ಯಾಹ್ನ ಅವರಿಗೆ ಊಟ ತಂದು, ಅಲ್ಲೇ ಸಂಜೆಯವರೆಗೆ ಕೂತು ಸಾಮಾನು ಜೋಡಿಸಿಕೊಡುತ್ತಿದ್ದಳು.

"ಏನು ಮೇಡಮ್ಮು, ಇಷ್ಟು ದೂರ?"

"ಭಾವ, ಒಂದೊಂದು ಜಿಬಿದು ಎರಡು ರ್ಯಾಮ್ ಬೇಕು. ಎಂಟುನೂರರದ್ದು. ಎರಡೂ ಒಂದೇ ಥರದ್ದಾಗಿರ್ಬೇಕು."

"ನಿಮ್ಮ ಬೋರ್ಡಿಗೆ ಐನೂರ ಮೂವತ್ಮೂರು ಸಾಕು. ಎಂಟುನೂರು ಯಾತಕ್ಕೆ?"

"ಓವರ್‌ಕ್ಲಾಕ್ ಮಾಡ್ತೀನಿ."

ಭಾವ ಮೇಷ್ಟ್ರ ಮುಖ ನೋಡಿದರು. "ನೋಡಿ ಸಾರ್, ನಮ್ಮ ನಾದಿನಿ. ಗಡಿಯಾರ ರಿಪೇರಿ ಮಾಡ್ತಾಳಂತೆ." ಮೇಷ್ಟ್ರು ಮರ್ಯಾದೆಗೆ ನಕ್ಕರು.

ನಾನು ಸುಮ್ಮನಿರಬಹುದಿತ್ತು. ಇರಲಿಲ್ಲ. "ಗೊತ್ತಿಲ್ದಿದ್ರೆ ಗೊತ್ತಿಲ್ಲ ಅನ್ನಿ ಭಾವ. ಡಬ್ಬದ ಮೇಲೆ ಬರ್ದಿರೋದನ್ನ ಓದಿ ಮಾರೋಕೆ ಎಸ್ಸೆಲ್ಸಿ ಸಾಕು. ನಾನು ಕೇಳಿದ್ದು ಕೊಡಿ" ಅಂದೆ. ಭಾವ ಎಸ್ಸೆಲ್ಸಿಗೇ ಓದು ಬಿಟ್ಟವರು. ಅದು ಗೊತ್ತಿದ್ದೇ ಆಡಿದ ಮಾತು, ಮೇಷ್ಟ್ರ ಮುಂದೆಯೇ ಆಡಬೇಕೆಂದು ಆಡಿದ್ದು. ಅವರ ಕಿವಿ ಕೆಂಪಾಯಿತು. ಹಿಂದಿನ ರೂಮಿಗೆ ಹೋದರು. ಸ್ವಲ್ಪ ಹೊತ್ತು ಬಿಟ್ಟು ಬಂದು ಎರಡು ಪಟ್ಟಿಗಳನ್ನು ಗಾಜಿನ ಮೇಲೆ ಇಟ್ಟರು. ಬಿಳೀ ಚೀಟಿಯ ಮೇಲೆ ಎಂಟುನೂರು ಅಂತ ಸ್ಪಷ್ಟವಾಗಿ ಅಚ್ಚಾಗಿತ್ತು. ಬರುವಾಗ ಒಳಗೆ ಇಣುಕಿ, "ಬರ್ತೀನಕ್ಕ" ಅಂದೆ. ಅವಳು ತಲೆ ಎತ್ತಲಿಲ್ಲ. ಕೆಲಸದಲ್ಲಿದ್ದಾಳೆ ಅಂದುಕೊಂಡೆ.

ಮರುದಿನ ಬೆಳಿಗ್ಗೆ ಕೆಂಪು ಸೀಲ್ ಕಿತ್ತೆ. ಕಿತ್ತದ್ದರಲ್ಲಿ ಒಂದು ಸುಖವಿತ್ತು, ಅದನ್ನು ಮುಚ್ಚಿಡುವುದಿಲ್ಲ. ಹೊಸ ರ್ಯಾಮ್ ಹಾಕಿ, ಮೊದಲು ಇನ್ನೂರ ಅರವತ್ತಾರಕ್ಕೆ ಏರಿಸಿದೆ. ಒಂದು ವಾರ ಕಂಪ್ಯೂಟರ್ ಒಂದು ತಕರಾರೂ ಮಾಡಲಿಲ್ಲ. ಆಮೇಲೆ ಮುನ್ನೂರ ಮೂವತ್ಮೂರು. ಆನ್ ಆಯಿತು. ಪರದೆಯ ಮೇಲೆ ಮೂರು ಅನ್ನುವ ಅಂಕಿ ನೋಡಿ ಕುರ್ಚಿಯಿಂದ ಎದ್ದು ನಿಂತುಬಿಟ್ಟೆ. ರ್ಯಾಮ್ ಸರಿ ಇದೆಯೇ ಎಂದು ಪರೀಕ್ಷೆ ಮಾಡುವ ಒಂದು ಪ್ರೋಗ್ರಾಮ್ ಇರುತ್ತದೆ. ಅದನ್ನು ಕಡಿಮೆಯೆಂದರೂ ಒಂದು ಇಡೀ ದಿನ ಓಡಿಸಬೇಕು ಅಂತ ನನ್ನ ನೋಟ್ ಬುಕ್ಕಿನಲ್ಲೇ ಬರೆದಿತ್ತು. ನಾನು ಒಂದು ಗಂಟೆ ಓಡಿಸಿದೆ. ತಪ್ಪು ಬರಲಿಲ್ಲ. ಕೆಲಸ ಕಾಯುತ್ತಿತ್ತು, ನಿಲ್ಲಿಸಿದೆ. ಎರಡು ಮದುವೆ ಅರ್ಧ ಹೊತ್ತಿನಲ್ಲಿ ತಯಾರಾದವು. ಅಣ್ಣ, "ಪರವಾಗಿಲ್ವೇ" ಅಂದ. ಅವನ ಬಾಯಿಂದ ಅದು ದೊಡ್ಡ ಮಾತು.

ಅದೇ ಬೇಸಿಗೆಯಲ್ಲಿ ಭಾವನ ತಂಗಿಯ ಮದುವೆ ಚಿಂತಾಮಣಿಯಲ್ಲಾಯಿತು. ವಿಡಿಯೋ ನಮ್ಮದೇ. ಅಣ್ಣ ನಾಲ್ಕು ಕ್ಯಾಸೆಟ್ ತುಂಬಾ ತೆಗೆದುಕೊಂಡು ಬಂದ. ನಾನು ಒಂದೊಂದನ್ನೇ ಕಂಪ್ಯೂಟರಿಗೆ ಇಳಿಸಿಕೊಂಡು ಕ್ಯಾಸೆಟ್ ವಾಪಸ್ ಕೊಟ್ಟೆ. ಇಳಿಸಿದ್ದರಲ್ಲಿ ಶುರು ಒಂದಿಷ್ಟು, ಕೊನೆ ಒಂದಿಷ್ಟು ನೋಡಿದ್ದೆ, ಪೂರ್ತಿ ನೋಡಿರಲಿಲ್ಲ. ಅವನು ಅವನ್ನೇ ಬ್ಯಾಗಿಗೆ ಹಾಕಿಕೊಂಡು ನಗರಗೆರೆ ಕಡೆಯ ಇನ್ನೊಂದು ಮದುವೆಗೆ ಹೋದ. ಆಗೆಲ್ಲ ಹಾಗೇ, ಒಂದೇ ಕ್ಯಾಸೆಟ್ ಮೇಲೆ ನಾಲ್ಕೈದು ಮದುವೆ ಆಗುತ್ತಿತ್ತು.

ಮೂರನೇ ದಿನ ಮಧ್ಯಾಹ್ನ, ಶೀಟಿನ ಕೆಳಗೆ ಫ್ಯಾನ್ ಗಾಳಿಯೂ ಬಿಸಿಯಾಗಿದ್ದಾಗ, ಮಿಕ್ಸಿಂಗಿಗೆ ಕೂತೆ. ಗಂಡನ್ನು ಎದುರುಗೊಂಡಿದ್ದು, ಕಾಲು ತೊಳೆದಿದ್ದು ಎಲ್ಲ ಚೆನ್ನಾಗಿತ್ತು. ಧಾರೆ ಎರೆಯುವ ಹೊತ್ತಿಗೆ ಹುಡುಗಿಯ ಮುಖದ ಮೇಲೆ ಒಂದು ಹಸಿರು ಚೌಕ ಬಂತು. ಆಮೇಲೆ ಇನ್ನೊಂದು. ಆಮೇಲೆ ಮಂಟಪವೇ ಚೂರುಚೂರಾಗಿ ಹಸಿರು, ನೇರಳೆ ತುಂಡುಗಳಾಯಿತು. ಮುಂದೆ ಹನ್ನೊಂದು ನಿಮಿಷ ಹಾಗೇ. ತಾಳಿ ಕಟ್ಟಿದ್ದು ಅದರೊಳಗೆ ಹೋಗಿತ್ತು. ವಾದ್ಯದ ಸದ್ದು ಕೂಡ ಕಿರ್ರೆನ್ನುತ್ತಿತ್ತು. ಕಂಪ್ಯೂಟರ್ ಆಫ್ ಮಾಡಿ, ವೇಗವನ್ನು ಹಳೆಯ ಇನ್ನೂರಕ್ಕೆ ಇಳಿಸಿ ಮತ್ತೆ ನೋಡಿದೆ. ಅದೇ ಜಾಗ, ಅದೇ ಚೌಕ. ಹಾಳಾಗಿದ್ದು ಇಳಿಸುವಾಗಲೇ ಎಂದು ಗೊತ್ತಾಯಿತು.

ಅಣ್ಣನಿಗೆ ಫೋನ್ ಮಾಡಿದೆ. "ಧಾರೆದು ಕ್ಯಾಸೆಟ್ ಎಲ್ಲಿದೆ?"

"ಯಾವ ಧಾರೆ?"

"ಭಾವನ ತಂಗೀದು."

"ಅದರ ಮೇಲೆ ನಿನ್ನೆ ನಗರಗೆರೇದು ತೆಗ್ದೆ ಕಣೇ" ಅಂದ.

ಈ ಸಲ ಪರೀಕ್ಷೆಯ ಪ್ರೋಗ್ರಾಮನ್ನು ಬೆಳಿಗ್ಗೆ ಹಾಕಿ ಸಂಜೆಯವರೆಗೆ ಬಿಟ್ಟೆ. ಮುನ್ನೂರ ಮೂವತ್ಮೂರರಲ್ಲಿ, ಕೋಣೆ ಕಾದ ಮೇಲೆ, ತಪ್ಪು ತೋರಿಸುವ ಕೆಂಪು ಸಾಲುಗಳು ಒಂದರ ಹಿಂದೆ ಒಂದು ಬರತೊಡಗಿದವು. ಒಂದು ಪಟ್ಟಿ ತೆಗೆದು ಇನ್ನೊಂದನ್ನು ಹಾಕಿ ನೋಡಿದೆ, ಎರಡರದ್ದೂ ಅದೇ ಕಥೆ. ಇನ್ನೂರ ಅರವತ್ತಾರಕ್ಕೆ ಇಳಿಸಿದರೆ ಒಂದು ತಪ್ಪೂ ಇಲ್ಲ. ಎಂಟುನೂರು ಅನ್ನುವ ರ್ಯಾಮ್ ಆರುನೂರ ಅರವತ್ತೇಳರಲ್ಲೇ ಕೈಕೊಡುತ್ತಿತ್ತು.

ಶಿಡ್ಲಘಟ್ಟದಲ್ಲಿ ಒಬ್ಬ ಸಾಹೇಬರು ಮಾನಿಟರ್, ಮದರ್‌ಬೋರ್ಡ್ ರಿಪೇರಿ ಮಾಡುತ್ತಿದ್ದರು. ರೇಷ್ಮೆ ಗೂಡಿನ ಮಾರುಕಟ್ಟೆ ದಾಟಿದರೆ ಅವರ ಅಂಗಡಿ. ಸುತ್ತಲಿನ ರೇಷ್ಮೆ ಬಿಚ್ಚುವ ಮಿಷನ್‌ಗಳ ಮೋಟರೂ ಅವರ ಹತ್ತಿರವೇ ಬರುತ್ತಿತ್ತು. ಯಾರಿಗೂ ಕೂತ್ಕೊಳ್ಳಿ ಅನ್ನುವವರಲ್ಲ. ನಾನು ಹೇಳಿದ್ದನ್ನೆಲ್ಲ ಕೇಳಿ ಒಂದು ಪಟ್ಟಿಯನ್ನು ದಪ್ಪ ಗಾಜಿನ ಕೆಳಗೆ ಹಿಡಿದರು.

"ಚೀಟಿ ಯಾಕಮ್ಮ ಓದ್ತೀಯ? ಚಿಪ್ ಓದು."

ಒಂದು ಡ್ರಾಯರಿನಿಂದ ಹಳೆಯ ರ್ಯಾಮ್‌ಗಳನ್ನು ಸುರಿದು, ಅದೇ ಕಂಪನಿಯ, ಐನೂರ ಮೂವತ್ಮೂರು ಅಂತ ಬರೆದಿದ್ದ ಒಂದನ್ನು ಹುಡುಕಿ ಪಕ್ಕದಲ್ಲಿ ಇಟ್ಟರು. ಚಿಪ್ಪುಗಳ ಮೇಲಿನ ಸಣ್ಣ ಅಕ್ಷರಗಳು ಕೊನೆಯವರೆಗೂ ಒಂದೇ. ನನ್ನ ಪಟ್ಟಿಯ ಚೀಟಿಗೆ ಥಿನ್ನರ್ ಸವರಿ ಬ್ಲೇಡಿನಿಂದ ಎತ್ತಿದರು. ಅಡಿಯಲ್ಲಿ ಹಳೆಯ ಚೀಟಿಯೊಂದರ ಹರಿದ ಅಂಚು ಇನ್ನೂ ಅಂಟಿಕೊಂಡಿತ್ತು.

"ಮೋಟರ್ ಜೋರಾಗಿ ತಿರುಗಿಸ್ತೀನಿ ಅಂದ್ರೆ ನೂಲು ತಡೀಬೇಕಲ್ಲ. ಎಷ್ಟು ಹೊತ್ತು ಟೆಸ್ಟ್ ಹಾಕಿದ್ದೆ, ಮೊದಲ ಸಲ?"

"ಇಡೀ ದಿನ" ಅಂದೆ.

ಅವರು ಗಾಜಿನಿಂದ ಕಣ್ಣು ಎತ್ತಿ ನನ್ನನ್ನು ನೋಡಿದರು. ಪಟ್ಟಿ ವಾಪಸ್ ಕೊಟ್ಟು ಮುಂದಿನವರ ಮಾನಿಟರಿಗೆ ಕೈ ಹಾಕಿದರು. ಅವರು ನಂಬಲಿಲ್ಲ ಅನ್ನುವುದು ನನಗೆ ಗೊತ್ತಾಯಿತು. ಆ ಒಂದು ಗಂಟೆಯ ವಿಷಯವನ್ನು ನಾನು ಅವತ್ತಿನಿಂದ ಯಾರಿಗೂ ಹೇಳಿಲ್ಲ. ಬಸ್ಸಿನಲ್ಲಿ ಬರುವಾಗ ನನ್ನ ತಲೆಯಲ್ಲಿ ಇದ್ದಿದ್ದು ಒಂದೇ: ಭಾವನ ಮುಖಕ್ಕೆ ಈ ಪಟ್ಟಿಯನ್ನು ಹಿಡಿಯಬೇಕು, ಅದೂ ಅವರ ಮನೆಯವರೆಲ್ಲರ ಮುಂದೆ.

ಆ ಅವಕಾಶ ತಾನಾಗಿ ಬಂತು. ಮದುಮಗಳು ತವರಿಗೆ ಬಂದಿದ್ದಾಳೆ, ಭಾನುವಾರ ಎಲ್ಲರೂ ಕೂತು ಮದುವೆ ನೋಡುತ್ತೇವೆ, ಡಿವಿಡಿ ತನ್ನಿ ಅಂತ ಚಿಕ್ಕಬಳ್ಳಾಪುರದಿಂದ ಹೇಳಿಕಳಿಸಿದರು. ಅಣ್ಣ ಬರಲ್ಲ ಅಂದ. "ನಿಧಾನಕ್ಕೆ ಹೇಳು, ಜಗಳ ಆಡ್ಬೇಡ" ಅಂದ. ನಾನು ಒಬ್ಬಳೇ ಹೋದೆ. ಹಾಲಿನಲ್ಲಿ ಟಿವಿ ಮುಂದೆ ಚಾಪೆ ಹಾಸಿದ್ದರು. ಭಾವನ ಅಮ್ಮ, ಮದುಮಗಳು, ಅವಳ ಗಂಡ, ಭಾವ. ಅಕ್ಕ ಅಡುಗೆಮನೆಯಿಂದ ತಟ್ಟೆ ತರುತ್ತಿದ್ದಳು.

ನಾನು ಡಿವಿಡಿ ಕೊಡಲಿಲ್ಲ. ಚೀಟಿ ಕಿತ್ತ ಪಟ್ಟಿಯನ್ನೂ ಸಾಹೇಬರಿಂದ ಕೇಳಿ ತಂದಿದ್ದ ಹಳೆಯ ಪಟ್ಟಿಯನ್ನೂ ಭಾವನ ಮುಂದೆ ಇಟ್ಟೆ. "ಐನೂರ ಮೂವತ್ಮೂರಕ್ಕೆ ಎಂಟುನೂರರ ಚೀಟಿ ಅಂಟಿಸಿ ಕೊಟ್ರಿ. ಧಾರೆ ಪೂರ್ತಿ ಹಾಳಾಗಿದೆ. ನಿಮ್ಮ ತಂಗಿ ಮದುವೇನ ನೀವೇ ಹಾಳು ಮಾಡಿದ್ರಿ" ಅಂದೆ.

"ಏಮೈಂದಿ ರಾ?" ಏನಾಯಿತೋ ಅಂತ ಅವರ ಅಮ್ಮ ಮಗನ ಮುಖ ನೋಡಿದರು. ಆ ಮನೆಯಲ್ಲಿ ಸಿಟ್ಟು ಬಂದರೂ ಭಯವಾದರೂ ತೆಲುಗೇ ಬರುತ್ತಿತ್ತು.

ಭಾವ ಪಟ್ಟಿಗಳನ್ನು ಮುಟ್ಟಲಿಲ್ಲ. ಅಡುಗೆಮನೆಯ ಬಾಗಿಲ ಕಡೆ ಒಮ್ಮೆ ನೋಡಿದರು. ಆಮೇಲೆ ನನಗೆ ಹೇಳಿದರು: "ಸೀಲ್ ಕಿತ್ತಿದ್ದೀಯ ತಾನೇ?"

"ಕಿತ್ತಿದ್ದೀನಿ."

"ಹಂಗಾದ್ರೆ ಮಾತು ಮುಗೀತು. ಸೀಲ್ ಕಿತ್ತೋರು, ಬೋರ್ಡ್ ಬಿಸಿ ಮಾಡಿದೋರು ನೀವು. ಕ್ಯಾಸೆಟ್ ಅಳಿಸಿದೋರು ನೀವು. ನನ್ನ ಮೇಲೆ ಯಾಕೆ?"

"ಕಳ್ಳ ಮಾಲು ಮಾರಿದ್ದು ಯಾರು?"

"ನಾಲಿಗೆ ಬಿಗಿ ಹಿಡಿದು ಮಾತಾಡು."

ಇಬ್ಬರೂ ಒಟ್ಟಿಗೇ ಕೂಗಾಡುತ್ತಿದ್ದೆವು. ಪಕ್ಕದ ಮನೆಯ ಕಿಟಕಿ ತೆರೆದುಕೊಂಡಿತು. ಮದುಮಗಳು ಎದ್ದು ಟಿವಿ ಆಫ್ ಮಾಡಿದಳು. ಅವಳ ದನಿ ಏರಲಿಲ್ಲ. "ಅಣ್ಣ, ನಿಮ್ಮಿಬ್ರಲ್ಲಿ ಯಾರು ಗೆದ್ರಿ ಅಂತ ಆಮೇಲೆ ಹೇಳಿ. ನನ್ನ ಮದುವೇಲಿ ಏನು ಉಳಿದಿದೆಯೋ ಅದನ್ನ ಒಂದು ಡಿವಿಡಿಗೆ ಹಾಕಿ ಕೊಟ್ಬಿಡಿ" ಎಂದು ಗಂಡನನ್ನು ಕರೆದುಕೊಂಡು ರೂಮಿಗೆ ಹೋದಳು. ಅಲ್ಲಿಯವರೆಗೆ ನನಗೆ ಅವಳ ನೆನಪೇ ಬಂದಿರಲಿಲ್ಲ ಅನ್ನುವುದು ಆಗ ಗೊತ್ತಾಯಿತು. ನಾನು ಬಂದಿದ್ದು ಭಾವನಿಗೋಸ್ಕರ.

ನೀರು ಕುಡಿಯಲು ಅಡುಗೆಮನೆಗೆ ಹೋದೆ. ಅಕ್ಕ ಒಲೆಯ ಮುಂದೆ ನಿಂತಿದ್ದಳು. ನಾನು ಅವಳ ಪರವಾಗಿಯೇ ಮಾತಾಡುತ್ತಿದ್ದೇನೆ ಅನ್ನುವ ಹಾಗೆ, "ಇಂಥೋರ ಜೊತೆ ಹೆಂಗೆ ಬಾಳ್ತೀಯಕ್ಕ" ಅಂದೆ.

"ಚೀಟಿ ಅಂಟಿಸೋಳು ನಾನೇ" ಅಂದಳು.

ನಾನು ಎತ್ತಿದ್ದ ಲೋಟವನ್ನು ಕೆಳಗಿಟ್ಟೆ.

"ದಿನಾ ಮಧ್ಯಾಹ್ನ ಅಲ್ಲಿ ಏನು ಮಾಡ್ತಿದ್ದೆ ಅನ್ಕೊಂಡೆ? ಹಳೇದಕ್ಕೆ ಚೀಟಿ ಅಂಟಿಸ್ತೀನಿ. ಅವತ್ತು ಒಳಗೆ ಎರಡು ಡಬ್ಬ ಇತ್ತು. ನಿಜವಾದ ಎಂಟುನೂರರದ್ದೂ ಇತ್ತು. ಇವರು, ನೀನು ನಮ್ಮ ಮನೆ ಹುಡುಗಿ ಅಂತ, ಅದಕ್ಕೇ ಕೈ ಹಾಕಿದ್ರು. ನಾನು ಇದನ್ನ ಎತ್ತಿ ಕೊಟ್ಟೆ."

"ಯಾಕೆ?"

"ಎಸ್ಸೆಲ್ಸಿ ಸಾಕು ಅಂದ್ಯಲ್ಲ." ಅವಳು ನನ್ನ ಕಡೆ ತಿರುಗಿದಳು. "ನಾನೂ ಎಸ್ಸೆಲ್ಸಿನೇ ಕಣೇ. ಫಸ್ಟ್ ಕ್ಲಾಸು. ಮುಂದಕ್ಕೆ ಬೇಡ ಅಂದ್ರು ಅಪ್ಪ. ನೀನು ಚಿಂತಾಮಣಿಗೆ ಬಸ್ ಹತ್ತುವಾಗ ನಾನು ಇಲ್ಲಿ ಮುಸುರೆ ತಿಕ್ತಿದ್ದೆ. ನೀನು ಕಲಿತಿರೋಳಲ್ವಾ, ಕಂಡುಹಿಡೀಲಿ ಅಂತ ಕೊಟ್ಟೆ."

ಅವಳ ಕಣ್ಣಲ್ಲಿ ನೀರಿರಲಿಲ್ಲ, ಪಶ್ಚಾತ್ತಾಪವೂ ಇರಲಿಲ್ಲ. ನಾದಿನಿಯ ಮದುವೆ ಅದರಲ್ಲಿ ಹೋಗುತ್ತದೆ ಅಂತ ಅವಳಿಗೆ ಗೊತ್ತಿರಲಿಲ್ಲ, ಅಷ್ಟೇ. ನಾನು ಏನೋ ಒಂದು ಕೆಟ್ಟ ಮಾತು ಅಂದೆ. ಆ ಮಾತನ್ನು ಇಲ್ಲಿ ಬರೆಯಲಾರೆ. ಅವಳು ಸೌಟು ಇಟ್ಟು, "ಊಟ ಮಾಡ್ಕೊಂಡು ಹೋಗು" ಅಂದಳು. ನಾನು ನೀರನ್ನೂ ಕುಡಿಯದೆ ಬಂದೆ. ಭಾವ ಅಡುಗೆಮನೆ ಕಡೆ ಯಾಕೆ ನೋಡಿದರು ಅನ್ನುವುದು ಬಸ್ ಸ್ಟ್ಯಾಂಡಿನಲ್ಲಿ ಹೊಳೆಯಿತು. ಅಷ್ಟು ಜನರ ಮುಂದೆ ಕಳ್ಳ ಅನ್ನಿಸಿಕೊಂಡರೂ ಅವರು ಹೆಂಡತಿಯ ಹೆಸರು ಎತ್ತಲಿಲ್ಲ. ಇದಕ್ಕೆ ಅವರನ್ನು ಮೆಚ್ಚಬೇಕು ಅಂತ ನನಗೂ ಗೊತ್ತಿದೆ. ಆದರೆ ಆ ಚೀಟಿಗಳನ್ನು ಅಚ್ಚು ಹಾಕಿಸಿ ತಂದು ಅವಳ ಮುಂದೆ ಇಟ್ಟವರು ಅವರೇ. ನಾನು ಮೆಚ್ಚಲಿಲ್ಲ.

ಹನ್ನೊಂದು ನಿಮಿಷದ ಜಾಗಕ್ಕೆ ಅಣ್ಣ ತೆಗೆದಿದ್ದ ಫೋಟೋಗಳನ್ನು ಒಂದೊಂದಾಗಿ ಹಾಕಿ, ಬೇರೆ ಮದುವೆಯ ನಾದಸ್ವರ ಸೇರಿಸಿ ಡಿವಿಡಿ ಮಾಡಿದೆವು. ಅಣ್ಣನೇ ತಲುಪಿಸಿ ಬಂದ. ಕಂಪ್ಯೂಟರಿಗೆ ಸಾಹೇಬರ ಹತ್ತಿರವೇ ಬೇರೆ ರ್ಯಾಮ್ ತರಿಸಿಕೊಂಡೆ. ಚಿಪ್ಪುಗಳ ಮೇಲಿನ ಅಕ್ಷರಗಳನ್ನು ಗಾಜು ಹಿಡಿದು ಓದಿದ ಮೇಲೆಯೇ ಕೈಗೆ ತೆಗೆದುಕೊಂಡೆ. ಎರಡು ದಿನ ಪರೀಕ್ಷೆಗೆ ಬಿಟ್ಟೆ. ಅದು ಮೂರರ ವೇಗದಲ್ಲಿ, ಆ ಶೀಟಿನ ಕೆಳಗೆ, ನಾವು ಸ್ಟುಡಿಯೋ ಮುಚ್ಚುವವರೆಗೂ ಓಡಿತು.

ಭಾವ ಆಮೇಲೆ ಮೊಬೈಲ್ ಅಂಗಡಿ ಹಾಕಿದರು, ಚೆನ್ನಾಗಿಯೇ ನಡೆಯಿತು. ನೆಂಟರಲ್ಲಿ ಈಗಲೂ ಒಂದು ಮಾತಿದೆ: ಚಿಕ್ಕವಳು ಕಂಪ್ಯೂಟರ್ ಸುಡಲು ಹೋಗಿ ಮದುವೆಯನ್ನೇ ಸುಟ್ಟಳು ಅಂತ. ಯಾರು ಹಬ್ಬಿಸಿದ್ದು ಎಂದು ಕೇಳಿ ತಿಳಿಯುವ ಅಗತ್ಯ ನನಗಿಲ್ಲ. ಮದುಮಗಳನ್ನು ಒಮ್ಮೆ ಮುರುಗಮಲ್ಲದ ಬಸ್ಸಿನಲ್ಲಿ ನೋಡಿದೆ, ಪಕ್ಕದ ಸೀಟಿನಲ್ಲೇ. ಚೆನ್ನಾಗಿದ್ದೀರಾ ಅಂದಳು. "ನಮ್ಮತ್ತೆ ಆ ಡಿವಿಡಿ ಹಾಕ್ತಾ ಇರ್ತಾರೆ. ಫೋಟೋ ಬರೋ ಹೊತ್ತಿಗೆ ಎದ್ದು ಕಾಫಿ ಇಡೋಕೆ ಹೋಗ್ತಾರೆ" ಅಂದಳು. ದೂರಿದಳೋ ಸುಮ್ಮನೆ ಹೇಳಿದಳೋ ತಿಳಿಯಲಿಲ್ಲ.

ಅಕ್ಕ ಹಬ್ಬಕ್ಕೆ ಊರಿಗೆ ಬರುತ್ತಾಳೆ. ಅಮ್ಮನ ಮುಂದೆ ನಾವು ಮಾತಾಡುತ್ತೇವೆ: ಉಪ್ಪಿದೆಯಾ, ಹಾಲು ಕಾಯಿತಾ, ಬಾಗಿಲು ಹಾಕಿದ್ಯಾ. ಅಮ್ಮ ಎದ್ದು ಹೊರಗೆ ಹೋದರೆ ಅವಳು ಕಾಳು ಆರಿಸುವ ಮೊರ ಎತ್ತಿಕೊಂಡು ಹಿತ್ತಲಿಗೆ ಹೋಗುತ್ತಾಳೆ, ನಾನು ಒಳಗೇ ಉಳಿಯುತ್ತೇನೆ.